ಮೊದಲು ಪಾಂಡವಪುರ, ಆಮೇಲೆ ನಾಗಮಂಗಲ

ನನ್ನ ಊರನ್ನು ಎರಡು ತೋಳುಗಳಿಂದ ತಬ್ಬಿ ಹರಿಯುವ ಕಾವೇರಿಗೂ, ಆ ನೀರಿನಲ್ಲಿ ಮಿಂದು ನಡುಗುತ್ತಾ ಬಂದ ಹುಡುಗನ ನಾಲಗೆಯ ಮೇಲೆ ಶಬ್ದರೂಪಗಳನ್ನು ನಿಲ್ಲಿಸಿದ ಗುರುಗಳಿಗೂ, ಮಲಗಿದ್ದಲ್ಲಿಂದಲೇ ನಮ್ಮೆಲ್ಲರ ನಡೆಯನ್ನು ನೋಡುತ್ತಿರುವ ಶ್ರೀರಂಗನಾಥನಿಗೂ ಮೊದಲ ನಮಸ್ಕಾರ. ಬದುಕಿನ ಉತ್ತರಾರ್ಧದಲ್ಲಿ ನನಗೆ ಅನ್ನವಿತ್ತ ಯಜಮಾನರ ಮನೆತನಕ್ಕೂ ನಮಸ್ಕಾರ. ಮುಂದೆ ಬರೆಯುವ ಸಂಗತಿಯಲ್ಲಿ ಆ ಮನೆತನದ ಕಠಿಣತೆ ಕಾಣುತ್ತದೆ. ಹಾಗೆಂದು ಉಂಡ ಅನ್ನ ಸುಳ್ಳಾಗುವುದಿಲ್ಲ. ಅನ್ನವನ್ನು ನೆನೆದೇ ಮುಂದಿನ ಮಾತು ಬರೆಯುತ್ತಿದ್ದೇನೆ.

ಸಾಹಿತ್ಯದಲ್ಲಿ ವಿದ್ವತ್ತು ಮುಗಿಸಿದ ನನಗೆ ಪಾಠಶಾಲೆ ದೊರೆಯಲಿಲ್ಲ. ನಡುವಯಸ್ಸು ದಾಟಿದ ಮೇಲೆ ಬೀಜ ಮತ್ತು ಗೊಬ್ಬರ ಮಾರುವ ಒಂದು ಖಾಸಗಿ ಸಂಸ್ಥೆ ದೊರೆಯಿತು. ಅದರ ಪ್ರಧಾನ ಕಚೇರಿ ಪಾಂಡವಪುರದಲ್ಲಿ, ಶಾಖೆಗಳು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಮತ್ತು ನಾಗಮಂಗಲಗಳಲ್ಲಿ. ಪತ್ರವ್ಯವಹಾರ ನನ್ನ ಕೆಲಸ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಯಜಮಾನರಿಗೆ ನಾಲ್ಕೂ ಊರುಗಳ ದಾಸ್ತಾನನ್ನು ಕಂಪ್ಯೂಟರಿನ ಪರದೆಯ ಮೇಲೆ ಒಟ್ಟಿಗೆ ನೋಡುವ ಆಸೆ ಹುಟ್ಟಿತು. ಟೆಲಿಫೋನ್ ಇಲಾಖೆಯಿಂದ ಬಾಡಿಗೆಗೆ ಲೈನುಗಳು ಬಂದವು. ಲೈನಿನ ಎರಡು ತುದಿಗೂ ಮೋಡೆಮ್ಮು, ರೂಟರು ಎಂಬ ಪೆಟ್ಟಿಗೆಗಳು ಬಂದವು. ಜೊತೆಗೆ ಇಂಗ್ಲಿಷಿನ ದಪ್ಪ ಪುಸ್ತಕವೂ ಬಂದಿತು. ಆ ಪುಸ್ತಕವನ್ನು ಯಾರೂ ಓದಲೊಲ್ಲರು. ಟೀಕೆ, ಟಿಪ್ಪಣಿ, ಅನ್ವಯಗಳೊಂದಿಗೆ ಒಂದು ಶ್ಲೋಕದ ಮೇಲೆ ದಿನಗಟ್ಟಲೆ ಕುಳಿತು ಅಭ್ಯಾಸವಿದ್ದ ನನ್ನ ಕೈಗೆ ಅದನ್ನು ಕೊಟ್ಟರು. ಸೂತ್ರಗ್ರಂಥವನ್ನು ಓದುವಂತೆಯೇ ಓದಿದೆ, ತಿಳಿಯಿತು. ಹೀಗೆ ಪಂಚೆಯುಟ್ಟು ನಾಮ ಧರಿಸಿದ ಮುದುಕನೊಬ್ಬ ರೂಟರುಗಳ ಮೇಲ್ವಿಚಾರಕನಾದ.

ಆ ಪುಸ್ತಕದ ಸಾರವಿಷ್ಟು. ಲೈನಿನ ಈ ತುದಿಯ ಪೋರ್ಟಿನಲ್ಲಿ ಯಾವ ಸೆಟ್ಟಿಂಗು ಇದೆಯೋ ಆ ತುದಿಯ ಪೋರ್ಟಿನಲ್ಲಿಯೂ ಅದೇ ಇರಬೇಕು. ಕಳುಹಿಸುವ ಮಾತನ್ನು ಇಲ್ಲಿ ಯಾವ ಬಗೆಯಲ್ಲಿ ಮಡಿಸಿ ಕಟ್ಟುತ್ತೇವೆಯೋ ಅದೇ ಬಗೆಯಲ್ಲಿ ಅಲ್ಲಿ ಬಿಚ್ಚಬೇಕು. ದೇವಾಲಯದ ಗೋಷ್ಠಿಯಲ್ಲಿ ಎದುರುಬದುರಾಗಿ ಕುಳಿತ ಎರಡು ಸಾಲಿನವರು ಪಾಠ ಹಂಚಿಕೊಂಡು ಹೇಳುವಾಗ ಒಂದು ಸಾಲು ಶ್ರುತಿ ಬದಲಿಸಿ ಇನ್ನೊಂದು ಬದಲಿಸದಿದ್ದರೆ ಹೇಗೋ, ಹಾಗೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿರುತ್ತಾರೆ, ಆದರೆ ಪಾರಾಯಣ ನಿಂತಿರುತ್ತದೆ.

ನಾಗಮಂಗಲದ ಲೈನು ಮೊದಲು ಬಂದಿತು, ಚೆನ್ನಾಗಿಯೂ ನಡೆಯಿತು. ಆ ತುದಿಯಲ್ಲಿದ್ದ ಆಪರೇಟರು ಮೂವತ್ತು ದಾಟಿದ ಒಕ್ಕಲಿನ ಮನೆಯ ಮಗ. ಅವನ ಕೆಲಸ ಬಲು ಸರಳ: ದಾಸ್ತಾನಿನ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುವುದು, ರೂಟರಿನ ಹಸಿರು ದೀಪ ನೋಡುತ್ತಿರುವುದು, ದೀಪ ಆರಿದರೆ ಫೋನು ಮಾಡುವುದು. ರೂಟರಿನ ಪಾಸ್‌ವರ್ಡು ಶಾಖೆಗಳಿಗೆ ಕೊಡಕೂಡದೆಂಬುದು ಯಜಮಾನರ ಕಟ್ಟಪ್ಪಣೆ. "ಬೀಗದ ಕೈ ಅತ್ತೆ ಸೊಂಟದಲ್ಲಿರ್ಬೇಕು, ಸೊಸೆಗ್ಯಾಕೆ?" ಎನ್ನುತ್ತಿದ್ದರು.

ಅವನು ಹಂಗಾಮಿ ನೌಕರ. ಬಹಳ ವರ್ಷಗಳಿಂದ ಹಂಗಾಮಿಯಾಗಿಯೇ ಉಳಿದಿದ್ದ. ಇದರಿಂದ ಅವನಿಗಾಗಿದ್ದ ಕಷ್ಟವನ್ನು ಶಾಖೆಯಲ್ಲಿ ಎಲ್ಲರೂ ಬಲ್ಲರು. ಅವನ ಮಾವ ಕೆ.ಆರ್. ಪೇಟೆಯ ಆಚೆಯ ಹಳ್ಳಿಯವರು, ಆಲೆಮನೆ ಇಟ್ಟುಕೊಂಡಿದ್ದವರು. ಹೆರಿಗೆಗೆಂದು ತವರಿಗೆ ಹೋದ ಮಗಳನ್ನು ಅವರು ಮರಳಿ ಕಳುಹಿಸಿರಲಿಲ್ಲ. ಕೆಲಸ ಖಾಯಂ ಆಗಲಿ, ಶಾಖೆಯ ಹಿಂದಿನ ಕ್ವಾರ್ಟರ್ಸಿನ ಕೋಣೆ ಸಿಗಲಿ, ಆಗ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಹೋಗು ಎಂದಿದ್ದರು. ಕೂಸು ಈಗ ನಡೆಯುತ್ತಿತ್ತು. ಅದು ನಡೆಯುವುದನ್ನು ತಂದೆ ನೋಡಿರಲಿಲ್ಲ.

ಯಜಮಾನರು ಅವನಿಗೆ ಮಾತು ಕೊಟ್ಟಿದ್ದರು. "ಮೂರೂ ಲೈನು ಒಂದಾಗಿ ನಡೀಲಿ. ಅವತ್ತೇ ನಿನ್ನ ಖಾಯಂ ಮಾಡ್ತೀನಿ." ನಾನು ನಾಗಮಂಗಲಕ್ಕೆ ಹೋದಾಗಲೆಲ್ಲಾ ಅವನು ಕೇಳುತ್ತಿದ್ದ: "ಐನೋರೆ, ಪ್ಯಾಟೆ ಲೈನು ಬಂತಾ? ಪಟ್ಣದ್ದು?"

ಅವೂ ಬಂದವು. ಪೆಟ್ಟಿಗೆಗಳನ್ನು ಮಾರಿದವರ ಕಡೆಯ ಮನುಷ್ಯನೊಬ್ಬ ಬಂದು ಕೆ.ಆರ್. ಪೇಟೆಗೂ ಶ್ರೀರಂಗಪಟ್ಟಣಕ್ಕೂ ಮಾತು ಮಡಿಸಿ ಕಟ್ಟುವ ಹೊಸ ಬಗೆಯನ್ನು ಹಾಕಿದ. ನಾಗಮಂಗಲದ ಲೈನಿನಲ್ಲಿ ಹಳೆಯ ಬಗೆ ಇದೆ, ಅದನ್ನೂ ಹೊಸದಕ್ಕೆ ತಿರುಗಿಸಿ ಮೂರನ್ನೂ ಒಂದೇ ಬಗೆಯಾಗಿಸಿಕೊಳ್ಳಿ ಎಂದು ಹೇಳಿ ಬಸ್ಸು ಹತ್ತಿದ. ಅದು ಕಷ್ಟದ ಕೆಲಸವಲ್ಲ. ಪಾಂಡವಪುರದಲ್ಲಿ ಕುಳಿತುಕೊಂಡೇ, ನಡೆಯುತ್ತಿರುವ ಅದೇ ಲೈನಿನ ಮೂಲಕ ನಾಗಮಂಗಲದ ರೂಟರಿನ ಒಳಹೊಕ್ಕು ಅಲ್ಲಿಯ ಪೋರ್ಟನ್ನು ಮೊದಲು ಬದಲಿಸಬೇಕು. ಬದಲಿಸಿದ ಕೂಡಲೇ ಲೈನು ಬೀಳುತ್ತದೆ. ಆಗ ನಮ್ಮ ತುದಿಯನ್ನು ಬದಲಿಸಿದರೆ ಎದ್ದು ನಿಲ್ಲುತ್ತದೆ. ಕ್ರಮ ತಪ್ಪಿ ನಮ್ಮ ತುದಿಯನ್ನೇ ಮೊದಲು ಬದಲಿಸಿದರೆ ಲೈನು ಬೀಳುತ್ತದೆ, ಆ ತುದಿಯನ್ನು ಮುಟ್ಟಲು ದಾರಿಯೇ ಇರುವುದಿಲ್ಲ. ಬಾವಿಗಿಳಿದವನು ಮೇಲೆ ಬರುವ ಮುನ್ನ ಹಗ್ಗ ಕಡಿದಂತೆ.

ಆದರೆ ಆ ಸಂಸ್ಥೆಯಲ್ಲಿ ಬೇರೊಂದು ಕ್ರಮವಿತ್ತು. ಯಾವ ಶುಭಕಾರ್ಯವೂ ಮೊದಲು ಪ್ರಧಾನ ಕಚೇರಿಯಲ್ಲಿ ಆಗಬೇಕು, ಶಾಖೆಗಳಲ್ಲಿ ಅನಂತರ. ಯಜಮಾನರ ತಾಯಿಯವರ ಕಾಲದಿಂದ ಬಂದ ಕಟ್ಟಳೆ ಅದು. ಹಂಗಾಮಿನ ಮೊದಲ ಮೂಟೆಯ ಬಾಯಿ ಬಿಚ್ಚುವುದು ಪಾಂಡವಪುರದಲ್ಲಿ. ಆಯುಧಪೂಜೆಯ ದಿನ ಶಾಖೆಗಳ ಲಾರಿಗಳ ಮುಂದೆ ಡ್ರೈವರುಗಳು ತೆಂಗಿನಕಾಯಿ ಹಿಡಿದು ನಿಂತಿರುತ್ತಿದ್ದರು. ಪಾಂಡವಪುರದಲ್ಲಿ ಒಡೆದಾಯಿತೆಂದು ಫೋನು ಬಂದ ಮೇಲೆಯೇ ಅವರು ಒಡೆಯಬೇಕು. ಒಮ್ಮೆ ಕೆ.ಆರ್. ಪೇಟೆಯ ಡ್ರೈವರು ಫೋನಿಗೆ ಮೊದಲೇ ಒಡೆದುಬಿಟ್ಟಿದ್ದ. ಅವನನ್ನು ಪಾಂಡವಪುರಕ್ಕೆ ಕರೆಸಿ, ಎರಡು ಹೋಳುಗಳನ್ನು ಎರಡು ಅಂಗೈಯಲ್ಲಿರಿಸಿ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಹೋಳುಗಳಿಗೆ ನೀರು ತುಂಬಿಸಿ, ಅದು ಚೆಲ್ಲಕೂಡದು ಎಂದಿದ್ದರು. ನೀರು ಬಿಸಿಲಿಗೆ ಆರುವ ತನಕ ಅವನು ನಿಂತಿದ್ದ. ಹಮಾಲಿಗಳು ಹಾದುಹೋಗುವಾಗ "ಏನ್ಲಾ, ತಕ್ಕಡಿ ಆಗ್ಬುಟ್ಟಿದ್ದೀಯ" ಎಂದು ನಕ್ಕಿದ್ದರು.

ಲೈನುಗಳನ್ನು ಒಂದಾಗಿಸುವುದನ್ನು ಯಜಮಾನರು ಪೂಜೆಯ ಕಾರ್ಯಕ್ರಮವನ್ನಾಗಿ ಮಾಡಿದರು. ಒಳ್ಳೆಯ ಮುಹೂರ್ತ ಇಡಿಸಿದರು, ಸುತ್ತಿನ ಊರುಗಳ ವ್ಯಾಪಾರಿಗಳನ್ನು ಕರೆದರು. ಕಂಪ್ಯೂಟರಿಗೆ ಹೂವಿನ ಹಾರ, ರೂಟರಿಗೆ ಅರಿಸಿನ ಕುಂಕುಮ. ಯಜಮಾನರ ತಾಯಿ ತಮ್ಮ ಕೈಯಾರೆ ಪೆಟ್ಟಿಗೆಯ ನೆತ್ತಿಗೆ ಬೊಟ್ಟಿಟ್ಟು, ದೀಪ ಮಿನುಗುವುದನ್ನು ಕಂಡು "ಕಣ್ ಬುಡ್ತಾವೆ ನೋಡು" ಎಂದು ಕೈ ಮುಗಿದರು. ಅಕ್ಷರಗಳನ್ನು ನಾನು ಒತ್ತಿ ಸಿದ್ಧಪಡಿಸುವುದು, ಮುಹೂರ್ತಕ್ಕೆ ಸರಿಯಾಗಿ ಕೊನೆಯ ಗುಂಡಿಯನ್ನು ಯಜಮಾನರು ಒತ್ತುವುದು ಎಂದು ನಿಶ್ಚಯವಾಗಿತ್ತು.

ನಾನು ನಾಗಮಂಗಲದ ರೂಟರಿನೊಳಗೆ ಹೋಗಿ ಎಲ್ಲವನ್ನೂ ಸಿದ್ಧಪಡಿಸಿದೆ. ಯಜಮಾನರು ಬಂದು ಪರದೆಯನ್ನು ನೋಡಿದರು.

"ಇದು ಯಾವ್ ತುದಿ, ಐನೋರೆ?"

"ನಾಗಮಂಗಲದ್ದು. ಮೊದಲು ಅದು, ಆಮೇಲೆ ನಮ್ಮದು. ಹಾಗೆ ಮಾಡಿದರೇ ಲೈನು ಕೂಡುವುದು."

"ಮೊದ್ಲು ನಾಗಮಂಗಲವಾ?" ಎಂದು ಅವರು ವ್ಯಾಪಾರಿಗಳತ್ತ ತಿರುಗಿದರು. "ಕೇಳುದ್ರಾ? ಗಂಡು ಹಸೆಗೆ ಬರೋ ಮುಂಚೆ ಬೀಗ್ರು ಉಣ್ತಾರಂತೆ."

ವ್ಯಾಪಾರಿಗಳು ನಕ್ಕರು. ನಾನು ಮತ್ತೊಮ್ಮೆ, ಹಗ್ಗದ ದೃಷ್ಟಾಂತವನ್ನೂ ಸೇರಿಸಿ ವಿವರಿಸಿದೆ. ಅವರು ಸಾವಧಾನವಾಗಿಯೇ ಕೇಳಿದರು. ಕೇಳಿ, "ನಮ್ಮವ್ವ ಕುಂತವ್ರೆ. ಅವ್ರ ಮುಂದೆ ಅಗ್ರಪೂಜೆ ಶಾಖೆಗೆ ಮಾಡಾಕಾಯ್ತದಾ? ನಮ್ದನ್ನ ತೆಗೀರಿ" ಎಂದರು. ಪುರೋಹಿತರು ಗಳಿಗೆ ಮೀರುತ್ತಿದೆ ಎಂದರು. ನಾನು ಅದನ್ನು ಬರೆಯಲೊಲ್ಲದೆ ಎದ್ದು ನಿಂತೆ. ಯಜಮಾನರು ಪ್ರಧಾನ ಕಚೇರಿಯ ಮ್ಯಾನೇಜರನ್ನು ನನ್ನ ಜಾಗದಲ್ಲಿ ಕೂರಿಸಿ, ನಮ್ಮ ತುದಿಯ ಪೋರ್ಟಿಗೆ ಹೊಸ ಬಗೆಯ ಹೆಸರನ್ನು ಬರೆಯಿಸಿ ತಾವೇ ಗುಂಡಿ ಒತ್ತಿದರು. ಪೂಜೆಯ ಘಂಟೆ ಮೊಳಗಿತು. ನಾಗಮಂಗಲದ ಲೈನು ಬಿದ್ದಿತು.

ಹಳೆಯ ಬಗೆಗೆ ಹಿಂದಿರುಗಿಸಿದರೆ ತಕ್ಷಣವೇ ಲೈನು ಏಳುತ್ತದೆ, ಅನಂತರ ಸರಿಯಾದ ಕ್ರಮದಲ್ಲಿ ಮಾಡೋಣ ಎಂದು ನಾನು ಹೇಳಿದೆ. ಮಗ ಉತ್ತರ ಕೊಡುವ ಮೊದಲೇ ತಾಯಿ ಉತ್ತರ ಕೊಟ್ಟರು: "ಮೂರ್ತದಲ್ಲಿ ಕಟ್ಟಿದ ತಾಳಿ ಬಿಚ್ಚಿ ಇನ್ನೊಂದ್ ಸತಿ ಕಟ್ತಾರಾ ಸ್ವಾಮಿ?"

ಯಜಮಾನರು ಫೋನು ಹಚ್ಚಿದರು. ಅದಕ್ಕೆ ಸ್ಪೀಕರು ಇತ್ತು. ಆ ತುದಿಯ ಮಾತು ಕೋಣೆಗೆಲ್ಲಾ ಕೇಳುತ್ತಿತ್ತು. ನಾಗಮಂಗಲದಲ್ಲಿಯೂ ಪೂಜೆಗೆ ಸಿದ್ಧನಾಗಿ, ಕಾಯಿ ಹಿಡಿದು ಅವನು ಕಾಯುತ್ತಿದ್ದನೆಂದು ತೋರುತ್ತದೆ. ಮೊದಲ ಮಾತೇ "ಒಡೀಲಾ ಸಾರ್?" ಎಂದು ಬಂದಿತು.

"ನಿನ್ ತಲೆ ಒಡ್ಕೊ. ಏನ್ಲಾ ಮಾಡ್ದೆ ಅಲ್ಲಿ?"

"ಏನೂ ಮಾಡಿಲ್ಲ ಸಾರ್. ದೀಪ ಈಗ್ ತಾನೇ ಕೆಟ್ಟೋಯ್ತು. ನಾನೇ ಫೋನ್ ಮಾಡುವಾಂತಿದ್ದೆ."

"ಏನೂ ಮುಟ್ಟಿಲ್ವಾ?"

"ಇಲ್ಲ ಸಾರ್. ದೂರ ನಿಂತಿವ್ನಿ."

"ಮುಟ್ಟಿಲ್ಲ ಅಂದ್ರೆ ಅದ್ಯಾಕ್ಲಾ ಸತ್ತೋಯ್ತು? ನಿನ್ ಮಕ ನೋಡಿ ಸತ್ತೋಯ್ತಾ?"

ಕೋಣೆಯಲ್ಲಿ ನಗು ಎದ್ದಿತು. ಆ ನಗು ಫೋನಿನ ಆ ತುದಿಗೂ ಕೇಳಿರಬೇಕು. ವ್ಯಾಪಾರಿಗಳಲ್ಲೊಬ್ಬರು, ಅವನ ಹತ್ತಿರದ ಊರಿನವರೇ, ಸ್ಪೀಕರಿಗೆ ಬಾಗಿ ಕೇಳಿದರು: "ಲೇ, ಯೆಡ್ತೀನೂ ಉಳಿಸ್ಕಳ್ಳಾಕಾಗ್ನಿಲ್ಲ, ದೀಪಾನೂ ಉಳಿಸ್ಕಳ್ಳಾಕಾಗ್ನಿಲ್ವೇನ್ಲಾ?" ಈ ಸಲ ನಗು ಇನ್ನೂ ದೊಡ್ಡದಾಯಿತು. ಪುರೋಹಿತರೂ ಉತ್ತರೀಯವನ್ನು ಬಾಯಿಗೆ ಅಡ್ಡ ಹಿಡಿದರು. ತಪ್ಪು ಅವನದಲ್ಲವೆಂದು ನಾನು ಎರಡು ಸಲ ಹೇಳಿದೆ. ನಗುವಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ, ಅಥವಾ ಬಿದ್ದರೂ ಬೇಕಾಗಿರಲಿಲ್ಲ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಲು ಅಪ್ಪಣೆ ಕೇಳಿದೆ. ಇಷ್ಟು ಜನರ ಮುಂದೆಯೇ ಎಂದು ಯಜಮಾನರು ಕಣ್ಣು ಕೆಂಪಗೆ ಮಾಡಿದರು. ಹೋಳಿಗೆಯ ಊಟ ಬಡಿಸಿದರು. ನಾನು ಊಟ ಬಿಟ್ಟು, ರೂಟರಿಗೆ ನೇರವಾಗಿ ಚುಚ್ಚುವ ವೈರನ್ನು ಚೀಲಕ್ಕೆ ಹಾಕಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ.

ತೊಣ್ಣೂರಿನ ಕಡೆಗೆ ತಿರುಗುವ ದಾರಿ ದಾಟಿತು, ಜಕ್ಕನಹಳ್ಳಿಯಲ್ಲಿ ಜನ ಹತ್ತಿದರು, ಇಳಿದರು. ಬಿಸಿಲು ಇಳಿಯುವ ಮುನ್ನ ತಲಪಿದೆ. ಅವನು ಪೆಟ್ಟಿಗೆಯಿಂದ ಮಾರು ದೂರದಲ್ಲಿ ನೆಲದ ಮೇಲೆ ಕುಳಿತಿದ್ದ. ಬೆಳಿಗ್ಗೆ ಹಿಡಿದಿದ್ದ ಕಾಯಿ ಒಡೆಯದೆ ಪಕ್ಕದಲ್ಲಿತ್ತು. ನಾನು ವೈರು ಚುಚ್ಚಿ, ಪಾಸ್‌ವರ್ಡು ಕೊಟ್ಟು, ಅಲ್ಲಿಯ ಪೋರ್ಟಿಗೆ ಪಾಂಡವಪುರದ ಸೆಟ್ಟಿಂಗನ್ನೇ ಬರೆದೆ. ಸಂಧ್ಯಾವಂದನೆಗೆ ಮೂರು ಆಚಮನ ಮಾಡುವಷ್ಟು ಹೊತ್ತೂ ಹಿಡಿಯಲಿಲ್ಲ. ಹಸಿರು ದೀಪ ಬಂದಿತು.

ಅವನು ದೀಪವನ್ನು ನೋಡಿದ, ನನ್ನನ್ನು ನೋಡಿದ. "ನಂದೇನೂ ತಪ್ಪಿರ್ನಿಲ್ವಾ ಐನೋರೆ?"

"ಇಲ್ಲ. ಆ ತುದಿಯಲ್ಲಿ ಕ್ರಮ ತಪ್ಪಿತು. ನೀನು ಏನು ಮಾಡಿದ್ದರೂ, ಮಾಡದಿದ್ದರೂ ಇದೇ ಆಗುತ್ತಿತ್ತು."

"ಮೂರೂ ಲೈನು ಒಂದಾಯ್ತಲ್ಲ?"

"ಒಂದಾಯಿತು."

"ಅಂಗಾದ್ರೆ ಖಾಯಂ ಮಾಡ್ತಾರಲ್ವಾ?"

ಮಾತು ಕೊಟ್ಟಿದ್ದಾರೆ, ನಾನೂ ಹೇಳುತ್ತೇನೆ ಎಂದೆ. ಅವನು ನನ್ನನ್ನು ಹಿಂದಿನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ಬೀಗ ಹಾಕಿದ್ದ ಕೋಣೆಯ ಕಿಟಕಿಯಿಂದ ಒಳಗೆ ತೋರಿಸಿ, ಒಲೆ ಯಾವ ಮೂಲೆಗೆ, ತೊಟ್ಟಿಲು ಯಾವ ಜಂತೆಗೆ ಎಂದು ಹೇಳಿದ. ಕೂಸು ತೊಟ್ಟಿಲಿನ ವಯಸ್ಸು ದಾಟಿದೆಯಲ್ಲಾ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಅವನಿಗೆ ಪಾಂಡವಪುರಕ್ಕೆ ಕರೆ ಬಂದಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಖಾಯಂ ಮಾಡುವುದಕ್ಕೇ ಕರೆದಿದ್ದಾರೆಂದು ಅವನ ಎಣಿಕೆ. ಯಜಮಾನರಿಗೆ ಮಾತ್ರ ಹಿಂದಿನ ದಿನದ ಅಪಶಕುನಕ್ಕೆ ಒಬ್ಬ ಕಾರಣಪುರುಷ ಬೇಕಾಗಿದ್ದ. ವ್ಯಾಪಾರಿಗಳು ಊರೂರಿನಲ್ಲಿ ಹೇಳುತ್ತಾ ಹೋಗಿದ್ದರು: ಗುಂಡಿ ಒತ್ತಿದರು, ಲೈನು ಸತ್ತಿತು ಎಂದು.

ನಾನು ಮೊದಲೇ ಒಳಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ತಪ್ಪು ಕ್ರಮದ್ದು, ಆ ಮನುಷ್ಯನದಲ್ಲ. ಅವನ ಕೈಯಲ್ಲಿ ಪಾಸ್‌ವರ್ಡೇ ಇಲ್ಲದ ಮೇಲೆ ಕೆಡಿಸುವುದಾದರೂ ಹೇಗೆ ಎಂದೆ. ಯಜಮಾನರು ನನ್ನನ್ನು ಕುಳ್ಳಿರಿಸಿ, ಕಾಫಿ ತರಿಸಿ, ಮೆಲ್ಲಗೆ ಹೇಳಿದರು: "ಐನೋರೆ, ನೀವೇಳೋದು ಸತ್ಯವೇ ಇರ್ಬೌದು. ಸತ್ಯ ಅಂದ್ರೆ ತಪ್ಪು ನಮ್ಮವ್ವನ್ದಾಯ್ತದೆ, ಇಲ್ಲ ನನ್ದಾಯ್ತದೆ, ಇಲ್ಲ ನಿಮ್ದಾಯ್ತದೆ. ಅವ್ವನ್ನ ಅನ್ನಂಗಿಲ್ಲ. ನಿಮ್ಮನ್ನ ಬೈದ್ರೆ ನಂಗೆ ಪಾಪ. ಅವನ್ನ ಬೈದ್ರೆ ಯಾವ್ ಪಾಪಾನೂ ಇಲ್ಲ. ಕಾಫಿ ಕುಡೀರಿ."

ಇದೇ ಹೊತ್ತಿನಲ್ಲಿ ಹೊರಗೆ ಮ್ಯಾನೇಜರು ಅವನಿಗೆ ಬುದ್ಧಿ ಹೇಳುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರು ಕೆಟ್ಟವರಲ್ಲ; ಹಿಂದೆ ಹತ್ತಾರು ಜನರನ್ನು ಹಾಗೆಯೇ ಉಳಿಸಿದ್ದವರು. "ವಾದ ಮಾಡ್ಬ್ಯಾಡ ಕಣ್ಲಾ. ನಾನೇ ಏನೋ ಮುಟ್ಬುಟ್ಟೆ, ತಪ್ಪಾಯ್ತು ಅಂತ ಕಾಲಿಗ್ ಬೀಳು. ಅವ್ವ ಮಗ ಇಬ್ರೂ ನಾಲ್ಕು ಬೈದು ಸುಮ್ನಾಯ್ತಾರೆ. ಖಾಯಮ್ಮಿನ ಮಾತು ಆಮೇಲೆ ನಾನೆತ್ತೀನಿ."

ಮ್ಯಾನೇಜರ ಹಿಂದೆ ಅವನು ಒಳಗೆ ಬಂದ. ಯಜಮಾನರ ತಾಯಿಯೂ ಕುಳಿತಿದ್ದರು. ಇಬ್ಬರ ಕಾಲಿಗೂ ಬಿದ್ದ. "ನಾನೇ ಏನೋ ಮುಟ್ಬುಟ್ಟೆ. ತಪ್ಪಾಯ್ತು. ಹೊಟ್ಟೇಗ್ ಹಾಕ್ಕಳಿ."

"ಇಲ್ಲ, ಅವನು ಮುಟ್ಟಲಿಲ್ಲ" ಎಂದೆ ನಾನು.

"ಅವ್ನೇ ಒಪ್ಕಂಡವ್ನೆ, ನೀವ್ಯಾಕೆ ಅಲ್ಲ ಅಂತೀರಿ?" ಎಂದರು ಯಜಮಾನರು. ಅವರ ಮುಖದಲ್ಲಿ ಕೋಪವಿರಲಿಲ್ಲ; ಒಂದು ಕೆಲಸ ಮುಗಿದ ನಿರಾಳವಿತ್ತು. ಅವನತ್ತ ತಿರುಗಿ, "ಮುಟ್ಬ್ಯಾಡ ಅಂದಿದ್ದೆ. ಮುಟ್ದೆ. ನಿನ್ನೆ ಅಷ್ಟು ಜನದ ಮುಂದೆ ಮುಟ್ಟಿಲ್ಲ ಅಂದೆ, ಇವತ್ತು ಮುಟ್ದೆ ಅಂತೀಯ. ಸುಳ್ಳೇಳೋನ ಕೈಗೆ ದಾಸ್ತಾನಿನ ಲೆಕ್ಕ ಕೊಡಾಕಾಯ್ತದಾ? ಹೊಂಟೋಗು" ಎಂದರು.

ಅವನು ಬಿದ್ದಲ್ಲಿಂದ ಏಳಲು ಸ್ವಲ್ಪ ಹೊತ್ತಾಯಿತು. ಎದ್ದು ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು. ಯಜಮಾನರ ತಾಯಿ ಮಾತ್ರ, "ಉಂಡ್ಕಂಡ್ ಹೋಗ್ಲಾ, ನಿನ್ನೆ ಹೋಳ್ಗೆ ಅದೆ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವನು ಉಣ್ಣಲಿಲ್ಲ.

ಆ ಬಳಿಕವೂ ನಾನು ಯಜಮಾನರ ಮುಂದೆ ಈ ಮಾತನ್ನೆತ್ತುತ್ತಲೇ ಇದ್ದೆ. ಅವರು ಪ್ರತಿ ಸಲವೂ ಕಾಫಿ ತರಿಸುತ್ತಲೇ ಇದ್ದರು. ನಾಗಮಂಗಲಕ್ಕೆ ಇನ್ನೊಬ್ಬ ಹಂಗಾಮಿ ಬಂದ.

ಕಬ್ಬಿನ ಕಟಾವು ನಡೆಯುತ್ತಿದ್ದ ದಿನಗಳಲ್ಲಿ ಕೆ.ಆರ್. ಪೇಟೆಯ ಲೈನು ನೋಡಲು ಹೋಗಿದ್ದೆ. ಅಲ್ಲಿಯ ಡ್ರೈವರು, ಹಿಂದೆ ಹೋಳು ಹಿಡಿದು ನಿಂತವನೇ, "ನಿಮ್ಮ ನಾಗಮಂಗಲದೋನು ಮಾವನ ಆಲೆಮನೇಲವ್ನೆ, ನೋಡೀರಾ?" ಎಂದು ತನ್ನ ಲಾರಿಯಲ್ಲಿಯೇ ಕರೆದೊಯ್ದ. ಗಾಣ ತಿರುಗುತ್ತಿತ್ತು. ಅವನು ಒಲೆಯ ಬಾಯಿಯ ಮುಂದೆ ಕುಳಿತು ಒಣಗಿದ ಸಿಪ್ಪೆಯನ್ನು ಬೆಂಕಿಗೆ ತಳ್ಳುತ್ತಿದ್ದ. ಹುಬ್ಬು ಸುಟ್ಟಿತ್ತು. ನನ್ನನ್ನು ಕಂಡು ಎದ್ದು ಕೈ ಮುಗಿದ. ಅವನ ಮಾವ, ಬಿಳಿಯ ಮೀಸೆಯವರು, ನನಗೆ ಮಂಚ ಹಾಕಿಸಿ, ಬಾಳೆಯೆಲೆಯಲ್ಲಿ ಬಿಸಿ ಬೆಲ್ಲ ಕೊಡಿಸಿ ಬಹಳ ಮರ್ಯಾದೆ ಮಾಡಿದರು.

"ಅಳಿಯಂದಿರು ಇಲ್ಲಿಯೇ ಇದ್ದಾರೆಯೇ?" ಎಂದು ಕೇಳಿದೆ.

"ಹಗಲೊತ್ತು ಅವ್ರೆ" ಎಂದರು ಮಾವ. "ಬೆಂಕಿ ಹಾಕೋ ಆಳು ಬೇಕಿತ್ತು, ಇವ್ರಿಗೂ ಕೆಲ್ಸ ಇರ್ನಿಲ್ಲ. ಹೊತ್ತು ಮುಳುಗೋ ಮುಂಚೆ ಅವ್ರೂರಿಗೆ ಹೋಯ್ತಾರೆ. ಕೆಲ್ಸ ಖಾಯಂ ಆಗೋಗಂಟ ಮನೇಲಿ ಮಲ್ಗಂಗಿಲ್ಲ ಅಂದಿದ್ದೆ. ಗಂಡ್ಸು ಆಡಿದ ಮಾತು, ಅಳಿಯ ಅಂತ ಬದ್ಲಾಯಿಸಾಕಾಯ್ತದಾ?" ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ತಿರುಗಿ, "ಆಲೆಮನೆ ಕೆಲ್ಸ ಖಾಯಮ್ಮಲ್ವಾ ಗೌಡ್ರೇ?" ಎಂದ. ಗೌಡರು ನಕ್ಕರು. ಅಳಿಯನೂ ನಕ್ಕ, ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆಂದು ಅವನಿಗೆ ಆ ವೇಳೆಗೆ ತಿಳಿದುಹೋಗಿತ್ತು.

ಹೊರಡುವಾಗ ಅವನನ್ನು ಬದಿಗೆ ಕರೆದು, ಶ್ರೀರಂಗಪಟ್ಟಣದಲ್ಲಿ ನನಗೆ ಬೇಕಾದವರೊಬ್ಬರ ಅಂಗಡಿಯಿದೆ, ಲೆಕ್ಕ ಬರೆಯುವ ಕೆಲಸ ಕೊಡಿಸುತ್ತೇನೆ, ಬಾ ಎಂದೆ.

"ಅದು ಖಾಯಂ ಕೆಲ್ಸವಾ ಐನೋರೆ?"

ಸುಳ್ಳು ಹೇಳಲಾಗಲಿಲ್ಲ. "ಅಲ್ಲ" ಎಂದೆ.

"ಅಂಗಾದ್ರೆ ಬ್ಯಾಡಿ. ಇಲ್ಲಾದ್ರೆ ಕೂಸು ಹಗಲೊತ್ತು ಕಾಣ್ತದೆ. ನನ್ನ ನೋಡಿ ಬೆಂಕಿ ಮಾವ ಅಂತದೆ. ಅನ್ಲಿ ಬುಡಿ. ಕರೀತದಲ್ಲ."

ಮನೆಯ ಕಡೆಯಿಂದ ಅವನ ಹೆಂಡತಿ ಮಜ್ಜಿಗೆಯ ಚೊಂಬು ತಂದಳು. ನನಗೆ ಕೊಟ್ಟಳು, ತಂದೆಗೆ ಕೊಟ್ಟಳು, ಡ್ರೈವರಿಗೆ ಕೊಟ್ಟಳು. ಗಂಡನ ಪಕ್ಕದಲ್ಲಿ ಚೊಂಬನ್ನು ನೆಲದ ಮೇಲಿರಿಸಿ, ಅವನತ್ತ ನೋಡದೆ, ತಂದೆ ನೋಡುತ್ತಿದ್ದಾರೆಯೇ ಎಂದು ನೋಡಿ ಹೊರಟುಹೋದಳು. ಸೂರ್ಯ ಇಳಿಯುತ್ತಿದ್ದ. ಅವನು ಮಜ್ಜಿಗೆ ಕುಡಿದು, ಕೈಕಾಲು ತೊಳೆದು, ತನ್ನೂರಿನ ಬಸ್ಸಿಗೆ ನಡೆದ. ಅವನನ್ನು ನಾನು ಕಂಡದ್ದು ಅದೇ ಕೊನೆ.

ಈ ಸಂಗತಿಯಲ್ಲಿ ಪಾಲ್ಗೊಂಡ ಎಲ್ಲರಿಗೂ ಭಗವಂತನು ಕ್ಷೇಮವನ್ನು ಕರುಣಿಸಲಿ. ಪೆಟ್ಟಿಗೆಗೆ ಬೊಟ್ಟಿಟ್ಟ ಆ ತಾಯಿಗೆ ಸದ್ಗತಿಯಾಗಲಿ. ಗುಂಡಿ ಒತ್ತಿದ ಯಜಮಾನರಿಗೆ ಆಯುಸ್ಸೂ, ಆ ಆಯುಸ್ಸಿನಲ್ಲಿ ತಿಳಿವೂ ಕೂಡಿಬರಲಿ. ಬುದ್ಧಿ ಹೇಳಿದ ಮ್ಯಾನೇಜರಿಗೆ ಸುಖನಿದ್ರೆ ದೊರೆಯಲಿ. ನಕ್ಕವರ ಮನೆಗಳಲ್ಲಿ ಮಕ್ಕಳು ನಗುತ್ತಿರಲಿ. ಆಡಿದ ಮಾತಿಗೆ ತಪ್ಪದ ಆ ಮಾವನಿಗೆ ಮಾತನ್ನು ಮುರಿಯುವ ಬಲವೂ ಬರಲಿ. ಎಲ್ಲೋ ಇರುವ ಆ ಕೂಸು ಈಗ ದೊಡ್ಡದಾಗಿರಬೇಕು. ಅದು ಒಲೆಯ ಮುಂದೆ ಕುಳಿತಿದ್ದವನನ್ನು ಅಪ್ಪಾ ಎಂದು ಕರೆದಿರಲಿ. ಸರ್ವರಿಗೂ ಮಂಗಳವಾಗಲಿ.